ಅರ್ಧ ಏಟು ತಡ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹೊರಗಿನವರು ಹೇಳುತ್ತಾರೆ. ನಮ್ಮೂರಲ್ಲಿ ಆ ಗಾದೆಯನ್ನು ಅಂಗಿಯಂತೆ ಒಳಗು ಹೊರಗು ಮಾಡಿ ತೊಟ್ಟುಕೊಂಡಿದ್ದೇವೆ: ಮುತ್ತು ಒಡೆದರೆ ಅಂಟು ಹಚ್ಚಬಹುದು, ಆಡಿದವಳು ಹೋದರೂ ಮಾತು ಹೋಗದು. ಈಗ ನಾನು ಹೇಳಹೊರಟಿರುವುದು ಅಕ್ಷರಶಃ ನಡೆದದ್ದು. ನಂಬಿಕೆ ಬರದವರಿಗೆ ಒಂದು ಗುರುತು ಕೊಡುತ್ತೇನೆ. ನಾನು ಸುಳ್ಳು ಹೇಳುವಾಗ ಯಾವಾಗಲೂ ಬೇರೆಯವರ ದನಿಯಲ್ಲಿ ಹೇಳುತ್ತೇನೆ. ಇದು ನನ್ನದೇ ದನಿ.

ನನ್ನ ಹೆಸರು ನಳಿನಿ. ಬಾಯಿ ಬಿಟ್ಟರೆ ನಿಲ್ಲುವುದಿಲ್ಲವೆಂದು ಕಾಲೇಜಿನಲ್ಲಿ 'ನಲ್ಲಿನಿ' ಎನ್ನುತ್ತಿದ್ದರು. ಎರಡನೇ ವರ್ಷದ ಬಿ.ಎ.ಯಲ್ಲಿದ್ದಾಗ ಪ್ರಾಂಶುಪಾಲರ ದನಿಯಲ್ಲಿ ಮೈಕಿನೊಳಗೆ ರಜೆ ಘೋಷಿಸಿದ್ದೆ. ಇಡೀ ಕಾಲೇಜು ಮನೆಗೆ ಹೋಯಿತು, ಪ್ರಾಂಶುಪಾಲರೂ ಹೋದರು. ಆ ಮೈಕು ನನ್ನನ್ನು ಬಿಡಲಿಲ್ಲ. ಈಗ ಊರಿನ ಬಸ್ ನಿಲ್ದಾಣದಲ್ಲಿ ಗಾಜಿನ ಗೂಡಿನಲ್ಲಿ ಕೂತು ಯಾವ ಬಸ್ಸು ಎಲ್ಲಿಗೆ ಎಂದು ಕೂಗುತ್ತೇನೆ.

ಸತ್ತವರ ದನಿ ನಮ್ಮೂರಿಗೆ ಮರಳಿ ಬರುತ್ತದೆ. ಬದುಕಿದ್ದಾಗ ಎಲ್ಲಿ ಮನಸ್ಸು ಬಿಚ್ಚಿ ಬಾಯಿ ಬಿಟ್ಟಿದ್ದರೋ ಅಲ್ಲಿಗೆ. ಹಿಟ್ಟಿನ ಗಿರಣಿಯ ಬೋರಣ್ಣ ತೀರಿಕೊಂಡು ನಾಲ್ಕು ವರ್ಷವಾಯಿತು. ಇಂದಿಗೂ ಡಬ್ಬಿ ಇಳಿಸಿದರೆ "ರಾಗಿನೋ ಗೋಧಿನೋ?" ಎನ್ನುತ್ತಾನೆ. ನಾವು "ರಾಗಿ" ಎನ್ನುತ್ತೇವೆ, ಅವನ ಮಗ ಬೀಸಿ ಕೊಡುತ್ತಾನೆ. ಏಳನೇ ನಂಬರಿನ ಬಸ್ಸಿನಲ್ಲಿ ಹಳೆಯ ಕಂಡಕ್ಟರು "ಒಳಗ್ ನಡೀರಿ, ಒಳಗ್ ನಡೀರಿ" ಎಂದರೆ, ಬಸ್ಸು ಖಾಲಿಯಿದ್ದರೂ ಜನ ಎದ್ದು ಒಂದು ಸೀಟು ಹಿಂದಕ್ಕೆ ಹೋಗಿ ಕೂರುತ್ತಾರೆ. ಮದುವೆಯಾಗಿ ಬಂದ ಸೊಸೆಗೆ ಮೊದಲು ತೋರಿಸುವುದು ಬಚ್ಚಲುಮನೆಯನ್ನಲ್ಲ, ಅತ್ತೆಯ ಅತ್ತೆ ಯಾವ ಮೂಲೆಯಲ್ಲಿ ಗೊಣಗುತ್ತಾಳೆ ಎಂಬುದನ್ನು. ದನಿಗಳು ಹಿಂದೆ ಆಡಿದ್ದನ್ನೇ ಆಡುತ್ತವೆ, ಹಾಡಿದ್ದನ್ನೇ ಹಾಡುತ್ತವೆ. ಹೊಸ ಮಾತು ಇಲ್ಲ. ಹಾಗಾಗಿ ತಕರಾರೂ ಇಲ್ಲ.

ಬರುವ ದನಿ ನೂರು ದಿನದೊಳಗೆ ಬರುತ್ತದೆ. ಬಾರದ ದನಿ ಎಲ್ಲಿರುತ್ತದೆ ಎಂದು ಯಾರೂ ಕೇಳುವುದಿಲ್ಲ. ನೀರು ನಿಂತ ನಲ್ಲಿಯಲ್ಲಿ ಉಸಿರು ಕೇಳಿಸಿದರೆ ಕೊಡ ಅಲ್ಲೇ ಬಿಟ್ಟು ಸೆರಗು ಕಿವಿಗೆ ಎಳೆದುಕೊಂಡು ಮನೆಗೆ ಬರುತ್ತೇವೆ. ಕಟ್ಟುಪಾಡು ಇರುವುದು ಎರಡೇ. ಸತ್ತವರ ದನಿಯನ್ನು ಅಣಕಿಸಬಾರದು. ಸತ್ತವರನ್ನು ಹೆಸರು ಹಿಡಿದು ಕರೆಯಬಾರದು. "ತಾನಾಗಿ ಬಂದ್ರೆ ಬರ್ಲಿ, ಒಬ್ಬರನ್ನ ಕರೆದ್ರೆ ಒಬ್ಬರೇ ಬರಲ್ಲ" ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಈಗಲೂ ಹೇಳುತ್ತಾಳೆ, ಅಡಿಗೆಮನೆಯ ಕಿಟಕಿಯ ಹತ್ತಿರ, ಬೆಳಿಗ್ಗೆ ಆರೂವರೆಗೆ.

ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಸಂಜೆ ನಾಲ್ಕಕ್ಕೆ ನಮ್ಮ ಮೇಳ ಸೇರುತ್ತದೆ. ಅಲ್ಲಿಯವರೆಗೆ ಒಬ್ಬ ಸತ್ತ ದಲ್ಲಾಳಿ ಹರಾಜು ಕೂಗುತ್ತಿರುತ್ತಾನೆ. ನಾಲ್ಕಕ್ಕೆ ಅವನೂ ಸುಮ್ಮನಾಗುತ್ತಾನೆ, ಆಮೇಲಿನ ಹೊತ್ತು ನಮ್ಮದು. ಬಾಗಿಲ ಮೇಲೆ ಒಂದು ಬೋರ್ಡು: 'ಎಲ್ಲರ ಮಹಿಳಾ ಮೇಳ. ಹಾಡು ಬರುವವರೂ ಬರಬಹುದು.' ಆ 'ರೂ' ನನ್ನ ಕಾಣಿಕೆ. ಅದು ಬರಿಯ ತಮಾಷೆಯಲ್ಲ. ಬಳೆ ಅಂಗಡಿಯ ಜುಬೇದಾ ಬರುತ್ತಾಳೆ, ಅವಳದು ಸಣ್ಣ ಸೂಜಿಯಂಥ ದನಿ. ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುತ್ತಿರುವ ಚಂದ್ರಕಲಾ ಬರುತ್ತಾಳೆ, ಅವಳ ದನಿ ನೆಲಮಾಳಿಗೆಯಿಂದ ಬಂದಂತಿರುತ್ತದೆ, ಮಿಕ್ಕ ದನಿಗಳೆಲ್ಲ ಅದರ ಮೇಲೆ ಕೂರುತ್ತವೆ. ಕಿವಿ ಕೇಳದ, ಮಾತು ಬಾರದ ದೇವೀರಿ ಬರುತ್ತಾಳೆ. ಅವಳು ಪಕ್ಕದವರ ಚಾಪೆಯ ಮೇಲೆ ಅಂಗೈ ಊರಿ, ಹಾಡನ್ನು ಅಂಗೈಯಲ್ಲಿ ಕೇಳುತ್ತಾ ತುಟಿ ಆಡಿಸುತ್ತಾಳೆ. ಹಿಂದಿನ ಸಾಲಿನ ಎರಡು ಚಾಪೆಗಳ ಮೇಲೆ ಯಾರೂ ಕೂರುವುದಿಲ್ಲ. ಹಾಡು ಶುರುವಾದರೆ ಅಲ್ಲಿಂದಲೂ ಎರಡು ದನಿ ಏಳುತ್ತವೆ. ಒಂದು ಸೂಲಗಿತ್ತಿಯದು, ಇನ್ನೊಂದು ಅಂಚೆ ಕಚೇರಿಯಲ್ಲಿ ಠಸ್ಸೆ ಹೊಡೆಯುತ್ತಿದ್ದವಳದು. ದೇವೀರಿ ಆ ಚಾಪೆಗಳ ಮೇಲೂ ಕೈಯಿಡುತ್ತಾಳೆ. ಬದುಕಿದವರ ಚಾಪೆಗೂ ಅವಕ್ಕೂ ಏನು ವ್ಯತ್ಯಾಸ ಎಂದು ನಾನು ಒಮ್ಮೆ ಸನ್ನೆಯಲ್ಲಿ ಕೇಳಿದ್ದೆ. ಅವಳು ಅಂಗೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡು, ತಣ್ಣಗೆ ನಡುಗಿ ತೋರಿಸಿದ್ದಳು.

ಮೇಳ ನಡೆಸುವವರು ರುದ್ರಾಣಿ ಟೀಚರು. ಮೂವತ್ತು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿ ಡ್ರಿಲ್ ಮಾಡಿಸಿ ನಿವೃತ್ತರಾದವರು. ಕೈಯಲ್ಲಿ ಲಟ್ಟಣಿಗೆ, ಮುಂದೊಂದು ಮಣೆ. ಅವರು ಮಣೆಯ ಮೇಲೆ ಏಟು ಹಾಕಿದರೆ ಹಾಡು ಹೆಜ್ಜೆ ಹಾಕಬೇಕು. ಮಾತೆಲ್ಲ ಮೂಗಿನಲ್ಲಿ, ಪ್ರತಿ ವಾಕ್ಯದ ಬಾಲಕ್ಕೆ ಒಂದು "ಆಂ?" ಕಟ್ಟಿರುತ್ತದೆ. ಮೂಗು ಕಟ್ಟಿರುವುದು ನೆಗಡಿಯಿಂದ ಎನ್ನುತ್ತಾರೆ. ನೆಗಡಿಯಲ್ಲ, ಸೊಂಟದಲ್ಲಿ ಸಿಕ್ಕಿಸಿಕೊಂಡ ನಶ್ಯದ ಡಬ್ಬಿಯಿಂದ ಎಂದು ನನಗೆ ಗೊತ್ತಿತ್ತು. ಆ ಗುಟ್ಟು ಹೇಳಿದವಳು ಸಾವಂತ್ರಮ್ಮ. ಇಸ್ತ್ರಿಗೆ ಬಂದ ಟೀಚರ ಸೀರೆಯ ಮಡಿಕೆಯಲ್ಲಿ ಒಮ್ಮೆ ಡಬ್ಬಿಯೇ ಸಿಕ್ಕಿತ್ತಂತೆ.

ಸಾವಂತ್ರಮ್ಮ ಬೇವಿನ ಮರದ ಕೆಳಗೆ ತಳ್ಳುಗಾಡಿ ನಿಲ್ಲಿಸಿಕೊಂಡು ಕೆಂಡದ ಪೆಟ್ಟಿಗೆಯಲ್ಲಿ ಇಸ್ತ್ರಿ ಮಾಡುತ್ತಿದ್ದವಳು. ನನಗಿಂತ ಇಪ್ಪತ್ತು ವರ್ಷ ದೊಡ್ಡವಳು. ಮೇಳದಲ್ಲಿ ಅವಳದು ಒಂದೇ ತೊಂದರೆ: ಅರ್ಧ ಏಟು ತಡ. ನಮ್ಮದೇ ಕಟ್ಟಿಕೊಂಡ ಹಾಡೊಂದಿದೆ. ಟೀಚರು "ಯಾರೇ ಅವಳು ಕಟ್ಟೆಯ ಮೇಲೆ ಕತ್ತಲು ಹೊದ್ದವಳು?" ಎಂದು ಎತ್ತಬೇಕು. ಅವರ ಏಟಿಗೆ ಸರಿಯಾಗಿ ಸಾವಂತ್ರಮ್ಮ ಒಬ್ಬಳೇ "ನಾನೇ ಕಣೇ, ಬಂದೆ ತಾಳೇ" ಎನ್ನಬೇಕು. ಅವಳು ಏಟು ಬಿದ್ದಮೇಲೆ ಒಂದು ಉಸಿರು ಎಳೆದುಕೊಂಡು ಬರುವಳು. ಇಸ್ತ್ರಿ ಪೆಟ್ಟಿಗೆ ಎತ್ತಿ, ಕೆಂಡ ಊದಿ, ಬಟ್ಟೆಯ ಮೇಲೆ ಇಟ್ಟ ಹಾಗೆ.

"ಸಾವಂತ್ರಿ, ನಿನ್ ಬಸ್ಸು ಹೋಯ್ತು ಕಣೇ, ಆಂ?" ಎಂದು ಟೀಚರು ಲಟ್ಟಣಿಗೆ ಎತ್ತುತ್ತಿದ್ದರು.

"ಹೋಗ್ಲಿ ಬಿಡಿ ಟೀಚರೇ. ಮುಂದಿನ್ ಬಸ್ಸು ಹತ್ತಿದ್ರಾಯ್ತು."

"ಮುಂದಿನ್ ಬಸ್ಸು ಬೇರೆ ಊರಿಗ್ ಹೋಗತ್ತೆ!"

"ಅಲ್ಲೂ ಬಟ್ಟೆ ಸುಕ್ಕಾಗಿರ್ತವಲ್ಲ?"

ಇದು ದಿನಾ ನಡೆಯುತ್ತಿದ್ದ ಜಗಳ. ಒಬ್ಬರು ಬೈದು, ಒಬ್ಬರು ಬೈಸಿಕೊಂಡು, ಮನೆಗೆ ಹೋಗುವಾಗ ಇಬ್ಬರೂ ಒಂದೇ ಪೊಟ್ಟಣದ ಕಡಲೆಕಾಯಿ ತಿನ್ನುತ್ತಾ ಹೋಗುತ್ತಿದ್ದರು. ನಗುವುದರಲ್ಲೂ ಸಾವಂತ್ರಮ್ಮ ತಡವೇ. ನಾನು ಯಾರನ್ನಾದರೂ ಅಣಕಿಸಿದರೆ ಎಲ್ಲರೂ ನಕ್ಕು ಮುಗಿಸಿ ಕಣ್ಣೊರೆಸಿಕೊಳ್ಳುವಾಗ, ಅವಳ ಕಡೆಯಿಂದ ಮೊದಲು 'ಸ್ಸ್' ಎಂದು ಒದ್ದೆ ಬಟ್ಟೆಯ ಮೇಲೆ ಪೆಟ್ಟಿಗೆ ಇಟ್ಟ ಸದ್ದು ಬರುತ್ತಿತ್ತು. ಆಮೇಲೆ ನಗು. ಮಾರುಕಟ್ಟೆಯ ತಗಡಿನ ಸೂರು ಗದಗುಟ್ಟುವಂಥ ನಗು. ಆ ತಡವಾದ ನಗುವಿಗಾಗಿಯೇ ನಾನು ಅಣಕಿಸುತ್ತಿದ್ದೆ ಎನ್ನುವುದು ಹೆಚ್ಚು ನಿಜ.

ಒಂದು ದಿನ ಟೀಚರಿಗೂ ಅವಳಿಗೂ ಜಗಳ ಸ್ವಲ್ಪ ಕಾವೇರಿತು, ಕಡಲೆಕಾಯಿ ತಿನ್ನದೆ ಹೋದರು. ಮರುದಿನ ಸಾವಂತ್ರಮ್ಮ ಎಂದೂ ಇಲ್ಲದ ಹಾಗೆ ಎಲ್ಲರಿಗಿಂತ ಮೊದಲು ಬಂದಳು. ಹುಳು ಗೂಡು ಕಟ್ಟುವ ದೊಡ್ಡ ಬಿದಿರಿನ ಚಂದ್ರಿಕೆಗಳನ್ನು ಗೋಡೆಗೆ ಒರಗಿಸಿಟ್ಟಿದ್ದರು. ನಾನು ಅವುಗಳ ಹಿಂದೆ ನನ್ನ ಬಿದ್ದುಹೋದ ಓಲೆ ಹುಡುಕುತ್ತಿದ್ದೆ. ಅವಳು ನನ್ನನ್ನು ನೋಡಲಿಲ್ಲ. ಖಾಲಿ ಮಾರುಕಟ್ಟೆಯಲ್ಲಿ ನಿಂತು, ತನ್ನ ತೊಡೆ ತಟ್ಟಿಕೊಳ್ಳುತ್ತಾ, "ನಾನೇ ಕಣೇ... ನಾನೇ ಕಣೇ..." ಎಂದು ಏಟಿಗೆ ಸರಿಯಾಗಿ ಬರಲು ಅಭ್ಯಾಸ ಮಾಡುತ್ತಿದ್ದಳು. ಪ್ರತಿ ಸಲವೂ ತಡ. ನನ್ನ ನಾಲಿಗೆ ತುರಿಸಿತು.

"ಸಾವಂತ್ರಿ," ಎಂದೆ, ರುದ್ರಾಣಿ ಟೀಚರ ಮೂಗಿನಲ್ಲಿ. "ಸಾಕು ನಿಂದು. ಇನ್ಮೇಲೆ ನಾನಾಗೇ ಹೆಸರು ಹಿಡಿದು ಕರೆಯೋವರ್ಗೂ ಈ ಬಾಗಿಲೊಳಗೆ ಕಾಲಿಡ್ಬೇಡ. ಆಂ?"

ಅವಳು ಕೈ ಇಳಿಸಿದಳು. ನಾನು ಬಾಯಿಗೆ ಸೆರಗು ಅದುಮಿಕೊಂಡು ಆ 'ಸ್ಸ್'ಗೆ ಕಾದೆ. ತಡವಾಗಿಯಾದರೂ ಅವಳಿಗೆ ಗೊತ್ತಾಗುತ್ತದೆ, ಯಾವಾಗಲೂ ಗೊತ್ತಾಗುತ್ತಿತ್ತು. ಅವಳು "ಆಯ್ತು ಟೀಚರೇ" ಎಂದಳು. ಚಪ್ಪಲಿ ಮೆಟ್ಟಿಕೊಂಡ ಸದ್ದು. ಚಂದ್ರಿಕೆ ಸರಿಸಿ ಹೊರಗೆ ಬರುವಷ್ಟರಲ್ಲಿ ಅವಳಿಲ್ಲ, ಎದುರಿಗೆ ಜುಬೇದಾ, ಚಂದ್ರಕಲಾ, ಹಿಂದೆಯೇ ಟೀಚರು. ನಾಳೆ ಹೇಳಿ ನಗಿಸಿದರಾಯಿತು ಎಂದುಕೊಂಡೆ. ನಾಳೆ ನಿಲ್ದಾಣದಲ್ಲಿ ಎರಡು ಪಾಳಿ ಬಿತ್ತು. ನಾಡಿದ್ದೂ ಹಾಗೆಯೇ. ಮೂರನೇ ದಿನ ಮಧ್ಯಾಹ್ನ ಸಾವಂತ್ರಮ್ಮ ಬೇವಿನ ಮರದ ಕೆಳಗೆ ಕುಸಿದು ಕೂತವಳು ಏಳಲಿಲ್ಲ. ಎದೆ ನಿಂತುಹೋಯಿತು ಎಂದರು. ಪೆಟ್ಟಿಗೆಯ ಕೆಳಗಿದ್ದ ಬಿಳಿ ಅಂಗಿಯಲ್ಲಿ ಪೆಟ್ಟಿಗೆಯಾಕಾರದ ಕಂದು ಗುರುತು ಬಿದ್ದಿತ್ತು.

ಮೇಳದಲ್ಲಿ ಅವಳ ಚಾಪೆ ಹಾಸಿಟ್ಟೆವು. ನಮ್ಮದೊಂದು ಪದ್ಧತಿ: ದನಿ ಬರುವವರೆಗೆ ಚಾಪೆ ಹಾಸಿರಬೇಕು. ನೂರನೇ ದಿನವೂ ಬಾರದಿದ್ದರೆ ಚಾಪೆ ಸುತ್ತಿ ಹೊರಗಿಡಬೇಕು. ಬಾರದವಳು ನೊಂದು ಹೋದವಳೆಂದು ಲೆಕ್ಕ; ಅವಳನ್ನು ಕೊನೆಯಲ್ಲಿ ನೋಯಿಸಿದವಳು ಯಾರೋ ಅವಳು ಮತ್ತೆ ಹಾಡಬಾರದು. ಯಾರೆಂದು ಯಾರೂ ಬೆರಳು ತೋರಿಸುವುದಿಲ್ಲ. ಅವಳೇ ಬಾಯಿ ಮುಚ್ಚಿಕೊಳ್ಳಬೇಕು.

ಹತ್ತನೇ ದಿನಕ್ಕೇ ರುದ್ರಾಣಿ ಟೀಚರು ಹಾಡು ನಿಲ್ಲಿಸಿದರು. ಮಣೆಗೆ ಏಟು ಮಾತ್ರ ಹಾಕುತ್ತಿದ್ದರು. ಹಾಜರಿ ಕೂಗುವುದನ್ನು ಜುಬೇದಾಗೆ ಕೊಟ್ಟರು. "ಯಾರೇ ಅವಳು" ಎಂದು ಎತ್ತಿಕೊಡುವವರಿಲ್ಲದೆ ಆ ಹಾಡನ್ನೇ ಬಿಟ್ಟೆವು. ಇಪ್ಪತ್ತಾಯಿತು, ನಲವತ್ತಾಯಿತು. ಸೂಲಗಿತ್ತಿ ಹಾಡುತ್ತಿದ್ದಳು, ಠಸ್ಸೆಯವಳು ಹಾಡುತ್ತಿದ್ದಳು, ಅವರ ನಡುವಿನ ಹೊಸ ಚಾಪೆ ಸುಮ್ಮನೆ ಬಿದ್ದಿರುತ್ತಿತ್ತು. ದೇವೀರಿ ದಿನವೂ ಅದರ ಮೇಲೆ ಅಂಗೈ ಊರಿ, ತಲೆ ಅಲ್ಲಾಡಿಸಿ, ಕೈ ತೆಗೆಯುತ್ತಿದ್ದಳು.

ಅವಳು ಎಲ್ಲಿದ್ದಾಳೆಂದು ನನಗೊಬ್ಬಳಿಗೆ ಗೊತ್ತಿತ್ತು. ಐವತ್ತನೇ ದಿನದ ಸುಮಾರಿಗೆ ಶುರುವಾಯಿತು. ಗಾಜಿನ ಗೂಡಿನಲ್ಲಿ ಕೂತು ಮೈಕು ಒತ್ತಿ "ಪ್ರಯಾಣಿಕರ ಗಮನಕ್ಕೆ" ಎಂದು ಮುಗಿಸಿದ ಮೇಲೆ, ಧ್ವನಿವರ್ಧಕದಿಂದ ಅರ್ಧ ಏಟು ತಡವಾಗಿ ಒಂದು ಸದ್ದು ಬರುತ್ತಿತ್ತು. ಸ್ಸ್. ಅಷ್ಟೇ. ಅದರ ಹಿಂದೆ ನಗು ಬರುತ್ತಿರಲಿಲ್ಲ. ವೈರು ಬದಲಾಯಿಸಿದರು, ಮೈಕು ಬದಲಾಯಿಸಿದರು. ಬಸ್ಸಿಗೆ ಕಾಯುವವರು ತಲೆಯೆತ್ತಿ ನೋಡಿ, ಕಿವಿಗೆ ಸೆರಗೋ ಟವೆಲ್ಲೋ ಎಳೆದುಕೊಂಡು ಇನ್ನೊಂದು ಬೆಂಚಿಗೆ ಹೋಗುತ್ತಿದ್ದರು. ನಾನು ಎಲ್ಲಿಗೆ ಹೋಗಲಿ? ಕಾಲಿಡಬೇಡ ಎಂದ ಬಾಗಿಲಿಗೆ ಅವಳು ಹೋಗಲಾರಳು. ಹೇಳಿದ ಬಾಯಿಯ ಹತ್ತಿರ ಬಂದು ನಿಂತಿದ್ದಳು, ಕಾಯುತ್ತಾ.

ತೊಂಬತ್ತೇಳನೇ ದಿನ ರುದ್ರಾಣಿ ಟೀಚರು ನಿಲ್ದಾಣಕ್ಕೆ ಬಂದರು. ಗೂಡಿನ ಬಾಗಿಲು ಅರೆ ತೆರೆದು, ಒಳಗೆ ಬಾರದೆ ನಿಂತರು. ಮುಖ ಇಳಿದುಹೋಗಿತ್ತು.

"ಲೇ ನಳಿನಿ, ಮೂರು ದಿನ ಆದ್ಮೇಲೆ ಲಟ್ಟಣಿಗೆ ಜುಬೇದಾಗೆ ಕೊಡ್ತೀನಿ. ಅವಳಿಗೆ ಏಟು ಹಾಕೋದು ಸ್ವಲ್ಪ ಹೇಳ್ಕೊಡೇ. ಆಂ?"

"ನೀವ್ ಬಿಟ್ರೆ ಮೇಳ ಎಲ್ಲಿರತ್ತೆ ಟೀಚರೇ?"

"ಮೂರು ದಿನ ಅವಳು ಬರ್ಲಿಲ್ಲ. ಯಾಕೆ ಅಂತ ನೋಡಕ್ ಹೋಗ್ಬೋದಿತ್ತು. ಬೇವಿನ ಮರ ಏನು ದೂರಾನಾ? ನಾನೇ ಯಾಕ್ ಹೋಗ್ಬೇಕು ಅಂತ ಕೂತೆ. ಹಿಂದಿನ್ ದಿನ ಅಷ್ಟೊಂದು ಅಂದಿದ್ದೆ ನೋಡು." ಮೂಗೊರೆಸಿಕೊಂಡರು. "ಅವಳು ಬರಲ್ಲ ಕಣೇ. ನನ್ ದನಿ ಇರೋ ಕಡೆ ಬರಲ್ಲ."

ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅಷ್ಟು ದನಿಗಳನ್ನು ಸಾಕಿಕೊಂಡಿರುವ ಗಂಟಲಲ್ಲಿ ನನ್ನದೊಂದು ಸಿಗಲಿಲ್ಲ. ಹೊರಬಂದದ್ದು "ಹನ್ನೊಂದೂವರೆಯ ಬಸ್ಸು ಮೂರನೇ ಅಂಕಣದಿಂದ ಹೊರಡಲಿದೆ" ಎಂಬುದು. ಮೈಕು ತೆರೆದೇ ಇತ್ತು. ಅರ್ಧ ಏಟಾದ ಮೇಲೆ ನೆತ್ತಿಯ ಮೇಲಿಂದ ಸ್ಸ್ ಎಂದಿತು. ಟೀಚರು ಬೆಚ್ಚಿ ಮೇಲೆ ನೋಡಿದರು. "ಏನೇ ಅದು?" "ವೈರು ಸರಿಯಿಲ್ಲ ಟೀಚರೇ" ಎಂದೆ. ಅವರು ತಲೆಯಾಡಿಸಿ, ಹೊರಡಲಿದ್ದ ಬಸ್ಸಿನ ಮುಂದೆಯೇ ನಿಧಾನವಾಗಿ ದಾಟಿಕೊಂಡು ಹೋದರು.

ಆ ಮೂರು ದಿನ ನಾನು ಒಂದೇ ಲೆಕ್ಕ ಹಾಕಿದೆ. ಹೇಳಿದರೆ ಹಾಡು ಹೋಗುವುದು ನನ್ನದು. ಹಾಡಿಲ್ಲದ ನಳಿನಿ ನೀರಿಲ್ಲದ ನಲ್ಲಿ. ಹೇಳದೆಯೂ ಟೀಚರನ್ನು ಉಳಿಸುವ ಉಪಾಯವಿತ್ತಲ್ಲ? ನನ್ನ ಗಂಟಲಲ್ಲಿ ಸಾವಂತ್ರಮ್ಮನೂ ಇದ್ದಳು, ಮೂರು ವರ್ಷ ಪಕ್ಕದಲ್ಲೇ ಕೂತು ಕೇಳಿದ ದನಿ. ಸತ್ತವರನ್ನು ಅಣಕಿಸಬಾರದು, ನಿಜ. ಆದರೆ ಅದು ಅಣಕವಲ್ಲ, ಎರವಲು ಎಂದು ನನಗೆ ನಾನೇ, ಬೇರೆ ಯಾರದೋ ದನಿಯಲ್ಲಿ, ಸಮಾಧಾನ ಹೇಳಿಕೊಂಡೆ.

ನೂರನೇ ದಿನ. ದಲ್ಲಾಳಿ ಸುಮ್ಮನಾದ. ಯಾರೂ ತಮಾಷೆ ಮಾಡಲಿಲ್ಲ. ಬಾಗಿಲ ಬಳಿ ಜುಬೇದಾ ಚಾಪೆ ಕಟ್ಟಲು ಹುರಿ ತಂದಿಟ್ಟಿದ್ದಳು. ಕೊನೆಯ ಸಲ ಆ ಹಾಡನ್ನು ಹಾಡಿಬಿಡೋಣ ಎಂದು ಚಂದ್ರಕಲಾ ಹೇಳಿದಳು. "ಎತ್ತೋದು ನಾನೇ ಎತ್ತೀನಿ ಟೀಚರೇ, ನೀವು ಏಟು ಹಾಕಿ ಸಾಕು." ನಾನು ಹಿಂದಿನ ಸಾಲಿಗೆ ಸರಿದು, ಹಾಸಿದ ಚಾಪೆಯ ಪಕ್ಕದಲ್ಲೇ ತಲೆ ತಗ್ಗಿಸಿ ಕೂತೆ.

ಚಂದ್ರಕಲಾ ತನ್ನ ನೆಲಮಾಳಿಗೆಯಿಂದ ಎತ್ತಿದಳು: "ಯಾರೇ ಅವಳು ಕಟ್ಟೆಯ ಮೇಲೆ ಕತ್ತಲು ಹೊದ್ದವಳು?"

ಏಟು ಬಿತ್ತು. ತುಟಿ ಅಲ್ಲಾಡಿಸದೆ ಅವಳ ದನಿ ಬಿಟ್ಟೆ: "ನಾನೇ ಕಣೇ, ಬಂದೆ ತಾಳೇ."

ಅದೇ ಒರಟು, ಅದೇ ಕೆಂಡದ ಹೊಗೆ ಕುಡಿದ ಗಂಟಲು, 'ತಾಳೇ'ಯಲ್ಲಿ ಅದೇ ಒಂದು ಕುಲುಕು. ನನಗೇ ಮೈ ಜುಮ್ಮೆಂದಿತು. "ಯಾ ಅಲ್ಲಾ, ಬಂದ್ಲು!" ಎಂದು ಜುಬೇದಾ ಎದೆಗೆ ಕೈಯಿಟ್ಟಳು. ಚಂದ್ರಕಲಾ ಅಳತೊಡಗಿದಳು. ಯಾರೋ ಹುರಿಯನ್ನು ಕಾಲಿನಿಂದ ಆಚೆ ತಳ್ಳಿದರು. ಎಲ್ಲರೂ ಟೀಚರ ಕಡೆ ತಿರುಗಿದೆವು.

ಲಟ್ಟಣಿಗೆ ಗಾಳಿಯಲ್ಲೇ ನಿಂತಿತ್ತು. ಟೀಚರು ಒಂದು ಕ್ಷಣ ಕಣ್ಣು ಮುಚ್ಚಿ ತೆರೆದರು.

"ಇದು ಸಾವಂತ್ರಿ ಅಲ್ಲ," ಎಂದರು.

"ಅಯ್ಯೋ, ಅವಳೇ ಟೀಚರೇ! ಕಿವಿಯಾರೆ ಕೇಳಿದ್ವಲ್ಲ?"

"ಏಟಿಗೆ ಸರಿಯಾಗಿ ಬಂತು."

ಮೂರು ವರ್ಷ ಆ ಲಟ್ಟಣಿಗೆಯ ಕೆಳಗೆ ಪಳಗಿದ ಮೈ ನನ್ನದು. ಅವಳ ದನಿಯನ್ನು ಕದ್ದೆ, ತಡವನ್ನು ಕದಿಯಲಾಗಲಿಲ್ಲ. ಆಗಲೇ ದೇವೀರಿ ಚಾಪೆಯಿಂದ ಅಂಗೈ ಎತ್ತಿ ತಲೆ ಅಲ್ಲಾಡಿಸಿದಳು. ಆಮೇಲೆ ನೆಟ್ಟಗೆ ನನ್ನ ಗಂಟಲಿಗೆ ಬೆರಳು ತೋರಿಸಿದಳು.

ಟೀಚರು ಎದ್ದು ಬಂದರು. "ನೀನಾ?"

ಆಗ ನನ್ನ ಗಂಟಲಲ್ಲಿ ನನ್ನ ದನಿ ಸಿಕ್ಕಿತು. ಅದು ಇಷ್ಟು ಸಣ್ಣದೆಂದು ನನಗೆ ಗೊತ್ತಿರಲಿಲ್ಲ. ಚಂದ್ರಿಕೆಯ ಹಿಂದಿನ ಆ ಸಂಜೆಯಿಂದ ಮೈಕಿನ ಉಸಿರಿನವರೆಗೆ ಎಲ್ಲವನ್ನೂ ಹೇಳಿದೆ. "ನೀವಲ್ಲ ಟೀಚರೇ, ಅವಳನ್ನ ಓಡಿಸಿದ್ದು ನಾನು. ಹಾಡು ಬಿಡ್ಬೇಕಾದೋಳು ನಾನು."

ಹೊಡೆಯುತ್ತಾರೆ ಎಂದುಕೊಂಡೆ. ಅವರು ಲಟ್ಟಣಿಗೆ ಕೆಳಗಿಳಿಸಿದರು. "ಏನ್ ಹೇಳ್ದೆ ಅವಳಿಗೆ? ಹೇಳ್ದಂಗೇ ಹೇಳು."

ಹೇಳಿದೆ, ಅವರದೇ ಮೂಗಿನಲ್ಲಿ, ಆಂ ಸಮೇತ. ಸೂರಿನ ಕೆಳಗೆ ಇನ್ನೊಬ್ಬ ರುದ್ರಾಣಿ ಟೀಚರು ಮಾತಾಡಿ ಮುಗಿಸಿದಂತಾಯಿತು. ಟೀಚರು ಚಾಪೆಯನ್ನೇ ನೋಡುತ್ತಾ, "ಹೆಸರು ಹಿಡಿದು ಕರೆಯೋವರ್ಗೂ... ನೂರು ದಿನದಿಂದ ನಾನು ಕರೆಯೋದನ್ನ ಕಾಯ್ತಾ ಇದಾಳೆ. ನಾನೋ, ಕರೀಬಾರ್ದು ಅಂತ ಹಾಜರಿ ಕೂಗೋದನ್ನೂ ಬಿಟ್ಟೆ," ಎಂದರು.

"ಟೀಚರೇ, ಬೇಡ," ಎಂದಳು ಜುಬೇದಾ. ಅವಳಿಗೆ ಅರ್ಥವಾಗಿತ್ತು. "ಒಬ್ಬರನ್ನ ಕರೆದ್ರೆ ಒಬ್ಬರೇ ಬರಲ್ಲ."

ರುದ್ರಾಣಿ ಟೀಚರು ಬಾಗಿಲಿಗೆ ಮುಖ ಮಾಡಿ ನಿಂತು, ಶಾಲೆಯ ಮೈದಾನದ ಆ ತುದಿಗೆ ಕೇಳುವಂತೆ ಕರೆದರು: "ಸಾವಂತ್ರೀ!"

ಹಿಂದಿನ ಚಾಪೆಗಳ ಎರಡು ದನಿಗಳೂ ಗುನುಗು ನಿಲ್ಲಿಸಿದವು. ಗೋಡೆಗೆ ಒರಗಿದ್ದ ಚಂದ್ರಿಕೆಗಳು, ಗಾಳಿಯಿಲ್ಲದಿದ್ದರೂ, ಒಂದರ ಹಿಂದೊಂದು ಕಟಕಟ ಎಂದವು. ಹೊರಗೆ ಬಿಸಿಲಿತ್ತು. ಬೀದಿಯಲ್ಲಿ ಯಾರೂ ಇರಲಿಲ್ಲ. ಆದರೆ ಹೊಸ್ತಿಲಿನಾಚೆ ಉಸಿರು ಕೇಳಿಸಿತು. ಒಂದಲ್ಲ. ನಲ್ಲಿಗಳಲ್ಲಿ, ಬಾವಿಗಳಲ್ಲಿ ಕೇಳಿಯೂ ಕೇಳದಂತೆ ನಾವು ಬಿಟ್ಟುಬಂದ ಉಸಿರುಗಳೆಲ್ಲ ಒಂದನ್ನೊಂದು ನೂಕುತ್ತಾ ಬಂದು ನಿಂತ ಹಾಗೆ, ಮಾತಿಲ್ಲದೆ, ಬರಿಯ ಬಾಯಿ ತೆರೆಯುವ ಸದ್ದು. ಬಾಗಿಲ ಬೋರ್ಡು ಮೊಳೆಯಲ್ಲಿ ವಾಲಾಡತೊಡಗಿತು. ಚಂದ್ರಕಲಾ ನನ್ನ ಮುಂಗೈ ಹಿಡಿದಳು, ಉಗುರು ಚರ್ಮಕ್ಕಿಳಿಯಿತು.

ಟೀಚರ ಮುಖದಲ್ಲಿ ರಕ್ತವಿರಲಿಲ್ಲ. ಆದರೂ ಮೂವತ್ತು ವರ್ಷದ ಅಭ್ಯಾಸ ಬಿಡುತ್ತದೆಯೇ? ಲಟ್ಟಣಿಗೆ ಎತ್ತಿ ಗುಡುಗಿದರು: "ನೂಕಬೇಡಿ! ಸಾವಂತ್ರಿ ಒಬ್ಳೇ ಮುಂದೆ. ಉಳಿದೋರು ಸಾಲಲ್ಲಿ ನಿಲ್ಲಿ. ಆಂ?"

ಉಸಿರುಗಳು ಸಾಲಾದವು. ಹೇಗೆ ತಿಳಿಯಿತೆಂದು ಕೇಳಬೇಡಿ. ಸಾಲಾದವು.

ಆದರೆ ಸಾವಂತ್ರಮ್ಮ ಒಳಗೆ ಬರಲಿಲ್ಲ. ದೇವೀರಿ ಚಾಪೆಯ ಮೇಲೆ ಅಂಗೈ ಊರಿಕೊಂಡೇ ಇದ್ದಳು, ಮುಖದಲ್ಲಿ ಏನೂ ಇರಲಿಲ್ಲ. ಟೀಚರು ಮತ್ತೆ ಕರೆದರು, ಮೆತ್ತಗೆ. "ಬಾರೇ. ಅವತ್ತು ಹೇಳಿದ್ದು ನಾನಲ್ಲ. ಈ ಕೋತಿ." ಏನೂ ಇಲ್ಲ. ಅವರು ನನ್ನ ಕಡೆ ತಿರುಗಿದರು. "ಒಂದ್ಸಲ ಮೋಸ ಹೋದೋಳು. ಇದೂ ನಿನ್ ದನಿ ಅಲ್ಲ, ನನ್ ದನೀನೇ ಅಂತ ಅವಳಿಗೆ ಹೆಂಗ್ ಗೊತ್ತಾಗ್ಬೇಕು?"

ನಾನು ಎದ್ದು ಅವರ ಪಕ್ಕಕ್ಕೆ ಹೋಗಿ ನಿಂತೆ. "ಇಬ್ರೂ ಮಾತಾಡೋಣ ಟೀಚರೇ. ಎರಡೆರಡು ರುದ್ರಾಣಿ ಕೇಳಿಸಿದ್ರೆ ಒಂದು ಸುಳ್ಳು ಅಂತಾದ್ರೂ ಗೊತ್ತಾಗತ್ತೆ."

"ಯಾವುದು ಸುಳ್ಳು ಅಂತ?" ಎಂದಳು ಜುಬೇದಾ.

"ಅದು ಅವಳಿಗೆ ಬಿಟ್ಟಿದ್ದು," ಎಂದು ಟೀಚರು ಸೆರಗು ಸಿಕ್ಕಿಸಿಕೊಂಡರು. "ಸಾವಂತ್ರಿ, ಒಳಗ್ ಬಾ. ಆಂ?"

"ಸಾವಂತ್ರಿ, ಬರಬೇಡ. ಆಂ?" ಎಂದೆ, ಅದೇ ದನಿಯಲ್ಲಿ.

"ಬರಬೇಡ ಅನ್ನಕ್ಕೆ ನೀನ್ಯಾರೇ? ಆಂ?"

"ನಾನು ರುದ್ರಾಣಿ. ಮೂವತ್ತು ವರ್ಷ ಡ್ರಿಲ್ ಹೊಡೆಸಿದೀನಿ. ನೀನ್ಯಾರೇ? ಆಂ?"

"ನಾನೇ ಕಣೇ ರುದ್ರಾಣಿ! ನನ್ ಮುಂದೆ ನಿಂತು ನನ್ನೇ ಕೇಳ್ತೀಯಾ? ಆಂ?"

"ನಿನ್ ಮೂಗಿಷ್ಟು! ನೆಗಡಿ ಅಂತ ಊರಿಗೆಲ್ಲ ಹೇಳ್ಕೊಂಡು ತಿರುಗೋ ರುದ್ರಾಣಿ ನೀನೇನಾ? ಹಂಗಾದ್ರೆ ಸೊಂಟದಲ್ಲಿರೋ ನಶ್ಯದ ಡಬ್ಬಿ ಯಾರದು? ಆಂ?"

ಟೀಚರ ಎಡಗೈ ತಂತಾನೇ ಫಕ್ಕನೆ ಸೊಂಟಕ್ಕೆ ಹೋಯಿತು. ಹೋದದ್ದನ್ನು ಇಡೀ ಮೇಳ ನೋಡಿತು. ಡಬ್ಬಿ ಜಾರಿ, ಮಣೆಯ ಮೇಲೆ ಬಿದ್ದು, ಮುಚ್ಚಳ ತೆರೆದುಕೊಂಡು, ಕಂದು ಪುಡಿಯನ್ನು ಚೆಲ್ಲುತ್ತಾ ಉರುಳಿ ಹೋಗಿ ಜುಬೇದಾಳ ಕಾಲ ಬಳಿ ನಿಂತಿತು. ಜುಬೇದಾ ಅದನ್ನು ಎತ್ತಿ ನೋಡಿ, ಮೂಸಿ, ಏಳು ಸಲ ಸೀನಿದಳು.

ಮೊದಲು ನಕ್ಕವಳು ಚಂದ್ರಕಲಾ. ಆಮೇಲೆ ಯಾರನ್ನೂ ಹಿಡಿಯುವ ಹಾಗಿರಲಿಲ್ಲ. ಹೆದರಿ ಬಿಗಿದುಕೊಂಡಿದ್ದ ಹೊಟ್ಟೆಗಳೆಲ್ಲ ಒಮ್ಮೆಗೇ ಸಡಿಲಾದವು. ಟೀಚರೂ ನಕ್ಕರು, ಒಂದು ಕಣ್ಣಲ್ಲಿ ನೀರು, ಒಂದು ಕೈಯಲ್ಲಿ ನನ್ನ ಕಿವಿ. ನಕ್ಕು ನಕ್ಕು ಸುಸ್ತಾಗಿ, ಒಬ್ಬೊಬ್ಬರಾಗಿ ಕಣ್ಣೊರೆಸಿಕೊಂಡು ನೆಲಕ್ಕೆ ಕುಸಿದೆವು. ಸದ್ದು ಅಡಗಿತು. ಹೊಸ್ತಿಲಿನಾಚೆ ಸಾಲು ಅಲ್ಲಾಡಲಿಲ್ಲ. ತಗಡಿನ ಸೂರು ಬಿಸಿಲಿಗೆ ಟಿಣ್ ಎಂದಿತು. ಟೀಚರು ನನ್ನ ಕಿವಿ ಬಿಟ್ಟರು, ಮುಗಿಯಿತು ಎನ್ನುವ ಹಾಗೆ.

ಆಗ ದೇವೀರಿ ಕಣ್ಣರಳಿಸಿದಳು. ಅಂಗೈ ಊರಿದ ಅವಳ ತೋಳಿನ ಮೇಲೆ ಕೂದಲು ಒಂದೊಂದಾಗಿ ನೆಟ್ಟಗೆ ನಿಂತವು. ತಣ್ಣಗೆ ನಡುಗುತ್ತಲೇ ಅವಳು ಸದ್ದಿಲ್ಲದೆ ಬಾಯಿ ತೆರೆದು ನಗತೊಡಗಿದಳು.

ಅರ್ಧ ಏಟಾಯಿತು.

ಚಾಪೆಯಿಂದ, ಒದ್ದೆ ಬಟ್ಟೆಯ ಮೇಲೆ ಪೆಟ್ಟಿಗೆ ಇಟ್ಟ ಹಾಗೆ, 'ಸ್ಸ್' ಎಂದಿತು. ಅದರ ಹಿಂದೆ ನೂರು ದಿನ ತಡವಾಗಿ ಆ ನಗು ಬಂತು. ಚಂದ್ರಿಕೆಗಳು ಗೋಡೆಯಿಂದ ಜಾರಿ ಬೀಳುವಷ್ಟು, ಸೂರು ಗದಗುಟ್ಟುವಷ್ಟು, ಅಲ್ಲಿಯವರೆಗೆ ನಾವೆಲ್ಲ ಸೇರಿ ನಕ್ಕಿದ್ದು ಬರಿಯ ಕೆಮ್ಮು ಅನ್ನಿಸುವಷ್ಟು ಜೋರಾಗಿ ಸಾವಂತ್ರಮ್ಮ ನಕ್ಕಳು.